ಸೊನ್ನೆಯಲ್ಲಿ ನಿಲ್ಲದ ಗೆರೆ

ಪ್ರಯೋಗಾಲಯದಲ್ಲಿ ಗಾಜಿನ ಪಾತ್ರೆ ತೊಳೆಯುವ ಹುಡುಗಿ ಎಷ್ಟು ಸದ್ದಿಲ್ಲದೆ ಓಡಾಡುತ್ತಿದ್ದಳೆಂದರೆ, ಅಲ್ಲಿನ ವಿಜ್ಞಾನಿ ಮೇಡಂ ಅವಳನ್ನು ಬೆಕ್ಕು ಎಂದೇ ಕರೆಯುತ್ತಿದ್ದರು. ಅಂದು ಬೆಕ್ಕು ತೊಟ್ಟಿಯ ಬಳಿ ಕಲ್ಲಾಗಿ ನಿಂತುಬಿಟ್ಟಿತ್ತು.

"ಈ ಲೇಪ ಕೈ ಕೊಟ್ಟಿತು. ಶೈತ್ಯಾಗಾರದವರಿಗೆ ಆಗಲ್ಲ ಅಂತ ಹೇಳಿಬಿಡ್ತೀನಿ" ಎಂದಿದ್ದರು ಮೇಡಂ.

ಅವರು ಮಾಡುತ್ತಿದ್ದುದು ಶೈತ್ಯಾಗಾರವನ್ನು ತಂಪಾಗಿಡುವ ಅಮೋನಿಯಾ ಅನಿಲ ಸೋರಿದರೆ ಕೂಗಿ ಎಚ್ಚರಿಸುವ ಸೆನ್ಸರ್. ಅದರೊಳಗೆ ತವರದ ಆಕ್ಸೈಡಿನ ಎಳೆಗಳು. ಒಂದು ಕೂದಲನ್ನು ಸಾವಿರ ಸೀಳು ಮಾಡಿದರೆ ಒಂದು ಸೀಳಿನಷ್ಟು ತೆಳು. ಅನಿಲ ಬೇಗ ಹಿಡಿಯಲೆಂದು ಎಳೆಗಳ ಮೈಗೆ ಪಲ್ಲಾಡಿಯಂ ಲೋಹದ ಲೇಪ. ಆದರೆ ಬೆಳಿಗ್ಗೆ ಹತ್ತಕ್ಕೆ ಪರೀಕ್ಷೆಗಿಟ್ಟರೆ, ಅನಿಲವೇ ಇಲ್ಲದಿದ್ದರೂ ಪರದೆಯ ಮೇಲಿನ ಗೆರೆ ಸರ್ರನೆ ಏರುತ್ತಿತ್ತು.

ಆ ಶೈತ್ಯಾಗಾರದ ಯಂತ್ರದ ಕೋಣೆಯಲ್ಲಿ ಹುಡುಗಿಯ ಅಪ್ಪ ಇಪ್ಪತ್ತು ವರ್ಷ ಕಳೆದಿದ್ದ. ಯಾವ ವಾಸನೆಯೂ ತಿಳಿಯದಷ್ಟು ಅವನ ಮೂಗು ಸತ್ತೇಹೋಗಿತ್ತು. ಹೋದ ತಿಂಗಳು ಕೊಳವೆ ಸೋರಿ ಜೊತೆಯವರು ಹೊರಗೆಳೆದು ತಂದಾಗ, "ಯಾಕ್ರೋ, ಏನಾಯ್ತು?" ಎಂದು ಕೇಳಿದ್ದ.

"ಮೇಡಂ, ನಾನೇ" ಎಂದಳು ಹುಡುಗಿ.

"ಏನು ನೀನೇ?"

"ಒಂಬತ್ತೂವರೆಗೆ ಮೇಜನ್ನ ಸ್ಪಿರಿಟ್‌ನಲ್ಲಿ ಒರೆಸ್ತೀನಿ. ಭಾನುವಾರ ನಾನು ಬರಲ್ಲ. ಭಾನುವಾರ ಗೆರೆ ಏರಿಲ್ಲ. ಸ್ಪಿರಿಟ್ ಆವಿಗೇ ಇದು ಏರ್ತಿರೋದು."

ಮೇಡಂ ಹಾಳೆಗಳನ್ನು ತಿರುವಿದರು. ನಾಲ್ಕು ಭಾನುವಾರ, ನಾಲ್ಕೂ ನೆಟ್ಟಗೆ ಮಲಗಿದ ಗೆರೆ.

"ತಿಂಗಳಿಂದ ನಾನು ತಲೆ ಚಚ್ಚಿಕೊಳ್ತಿದ್ದೀನಿ, ಬೆಕ್ಕಿಗೆ ಇವತ್ತು ಬಾಯಿ ಬಂತಾ?"

"ಬೈತೀರಿ ಅಂತ..."

"ಬೈತೀನಿ, ಪುರುಸೊತ್ತಾದಾಗ." ಮೇಡಂ ನಕ್ಕರು. "ನಾಳೆಯಿಂದ ನೀರಲ್ಲಿ ಒರೆಸು. ಮುಗೀತು."

ಹೂಂ ಎಂದು ಜಾರಿಕೊಳ್ಳಬಹುದಿತ್ತು. ಹುಡುಗಿ ಸೆರಗಿನಂಚಿಗೆ ಕೈ ಒರೆಸಿಕೊಂಡಳು. "ಮುಗಿಯಲ್ಲ ಮೇಡಂ. ಅಪ್ಪ ಅಲ್ಲಿ ಯಂತ್ರಾನೂ ಸ್ಪಿರಿಟ್‌ನಲ್ಲೇ ಒರೆಸೋದು. ಇದು ದಿನಾ ಸುಮ್ಸುಮ್ನೆ ಕೂಗಿದ್ರೆ ವೈರ್ ಕಿತ್ತು ಬಿಸಾಕ್ತಾರೆ."

ಮೇಡಂ ನಗು ನಿಲ್ಲಿಸಿ ಕುರ್ಚಿ ಎಳೆದರು. "ಕೂತ್ಕೋ. ಅಲ್ಲಿ ಇನ್ನೇನೇನು ಬಳಸ್ತಾರೆ, ಎಲ್ಲ ಹೇಳು."

ಐದು ವಾರ ಹಿಡಿಯಿತು. ಪಲ್ಲಾಡಿಯಂ ಬದಲು ಟಂಗ್‌ಸ್ಟನ್ ಆಕ್ಸೈಡ್ ಲೇಪಿಸಿದರು. ಮೊದಲೆರಡು ಸಲ ದಪ್ಪವಾಯಿತು, ಮೂರನೆಯ ಸಲ ಸರಿಯಾಗಿ ಕೂತಿತು. ಹುಡುಗಿ ಸ್ಪಿರಿಟ್ ಬಟ್ಟೆಯನ್ನು ಹತ್ತಿರ ಹಿಡಿದಳು. ಗೆರೆ ಸ್ವಲ್ಪ ಅಲುಗಿ ಸುಮ್ಮನಾಯಿತು. ಮೇಡಂ ಅಮೋನಿಯಾ ಸೀಸೆಯ ಮುಚ್ಚಳ ತೆರೆದದ್ದೇ ತಡ, ಸೆನ್ಸರ್ ಕಿವಿ ಕಿತ್ತುಹೋಗುವಂತೆ ಕೂಗಿತು.

ಸೋಮವಾರ ಯಂತ್ರದ ಕೋಣೆಯಲ್ಲಿ ಸೆನ್ಸರ್ ತೂಗುಹಾಕಲು ಅಪ್ಪ ಮೊಳೆ, ಸುತ್ತಿಗೆ ಹಿಡಿದು ನಿಂತಿದ್ದ. "ಎಲ್ಲಿ ಹೊಡೀಲಿ, ತಾಯಿ?"

"ಗೋಡೆಗೆ ಒರಗಿ ನೆಟ್ಟಗೆ ನಿಂತ್ಕೋ ಅಪ್ಪ" ಎಂದು ಅವಳು ಸೀಮೆಸುಣ್ಣ ತೆಗೆದು, ಅವನ ಮೂಗಿನ ಮಟ್ಟಕ್ಕೆ ಗೋಡೆಯ ಮೇಲೆ ಗುರುತು ಹಾಕಿದಳು.