ಏರಿನಲ್ಲಿ ಕೇಳದ ಸದ್ದು

ಮೆಹದಿಪಟ್ಟಣಂನ ಗ್ಯಾರೇಜುಗಳಲ್ಲಿ ಗುರುಶಾಂತನಿಗೆ ದೊಡ್ಡ ಹೆಸರಿತ್ತು. ಹಳೆಯ ಕಾರಿನ ಎಂಜಿನ್ನಿಗೆ ಟೈಮಿಂಗ್ ಕೂಡಿಸುವುದೆಂದರೆ, ಸಿಲಿಂಡರಿನೊಳಗೆ ಕಿಡಿ ಯಾವ ಗಳಿಗೆಯಲ್ಲಿ ಹಾರಬೇಕೆಂದು ಗೊತ್ತುಮಾಡುವುದೆಂದರೆ, ಅವನೇ ಬರಬೇಕು. ಉಳಿದವರು ಅದಕ್ಕೆ ಟೈಮಿಂಗ್ ಲೈಟು ಹಿಡಿದು ಪುಲ್ಲಿಯ ಮೇಲಿನ ಗುರುತು ನೋಡುತ್ತಿದ್ದರು. ಇವನು ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಿ, ಕಾರನ್ನು ಒಂದು ಏರು ಹತ್ತಿಸಿ, ಕಿವಿಯಿಂದಲೇ ಕೆಲಸ ಮುಗಿಸುತ್ತಿದ್ದ. ಕಿಡಿ ಬೇಗ ಹಾರುತ್ತಿದ್ದರೆ ಏರಿನಲ್ಲಿ ಎಂಜಿನ್ನು ಡಬ್ಬಿಯಲ್ಲಿ ಗಾಜಿನ ಮಣಿ ಅಲುಗಿಸಿದ ಹಾಗೆ ಸಣ್ಣಗೆ ಸದ್ದು ಮಾಡುತ್ತದೆ. ಆ ಸದ್ದು ನಿಲ್ಲುವಷ್ಟು ಹಿಂದಕ್ಕೆ ತಿರುಗಿಸಿದರೆ ಆಯಿತು.

ಎರಡು ವರ್ಷಗಳಿಂದ ಆ ಕಿವಿ ಕೈಕೊಡುತ್ತಿತ್ತು. ಮಾತು ಕೇಳುತ್ತಿತ್ತು, ಎಂಜಿನ್ನಿನ ಗುಡುಗು ಕೇಳುತ್ತಿತ್ತು. ಸಣ್ಣ ಸದ್ದುಗಳು ಮಾತ್ರ ಒಂದೊಂದಾಗಿ ಇಲ್ಲವಾಗಿದ್ದವು. ಫೋನು ಅಷ್ಟು ಹೊತ್ತಿನಿಂದ ಬಡಕೊಳ್ಳುತ್ತಿದೆಯಲ್ಲ ಎಂದು ಹೆಂಡತಿ ಗಂಗಾ ಅಂದಾಗಲೆಲ್ಲ ಅವನು ಏನೋ ಯೋಚನೆಯಲ್ಲಿದ್ದೆ ಎನ್ನುತ್ತಿದ್ದ. ಐವತ್ತೆಂಟರ ಪ್ರಾಯದಲ್ಲಿ ಕಿವುಡನೆನಿಸಿಕೊಂಡು ಯಾರ ಬಾಗಿಲಿಗೆ ಹೋಗುವುದು?

ನಾರಾಯಣಗೂಡದ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದ ಮೈಸೂರಿನ ಅಹಲ್ಯಾ ತಮ್ಮ ತಂದೆಯ ಫಿಯೆಟ್ ಕಾರನ್ನು ಮತ್ತೆ ರಸ್ತೆಗಿಳಿಸಲು ಹೊರಟಿದ್ದರು. ಎಂಜಿನ್ನನ್ನು ಪೂರ್ತಿ ಬಿಚ್ಚಿ ಕಟ್ಟಿಕೊಟ್ಟವನು ಬೂದೆಪ್ಪ. ಅವನೂ ಗುರುಶಾಂತನ ಹಾಗೆ ಸೇಡಂ ಕಡೆಯವನೇ. ಇಪ್ಪತ್ತು ವರ್ಷಗಳ ಹಿಂದೆ ಗುರುಶಾಂತನೇ ಅವನನ್ನು ಕರೆತಂದು ಕೆಲಸಕ್ಕೆ ಹಚ್ಚಿದ್ದ. ಈಗ ಅವನಿಗೆ ತನ್ನದೇ ವರ್ಕ್‌ಶಾಪು ಇತ್ತು. ಟೈಮಿಂಗ್ ಮಾತ್ರ ಗುರುಶಾಂತಣ್ಣನೇ ಕೂಡಿಸಲಿ ಎಂದು ಅವನೇ ಹೇಳಿಕಳಿಸಿದ್ದ.

ಗುರುಶಾಂತ ಟೈಮಿಂಗ್ ಕೂಡಿಸಿದ ದಿನ ಬಂಜಾರಾ ಹಿಲ್ಸ್ ಏರಿನಲ್ಲಿ ಅಹಲ್ಯಾ, ಏನೋ ಟಿಣ್ ಟಿಣ್ ಅನ್ನುತ್ತಿದೆಯಲ್ಲ ಎಂದು ಕೇಳಿದ್ದರು. ಗುರುಶಾಂತನಿಗೆ ಏನೂ ಕೇಳಿಸಿರಲಿಲ್ಲ. ಹೊಸ ಕೆಲಸ, ನಾಲ್ಕು ದಿನ ಓಡಿದರೆ ಸರಿಹೋಗುತ್ತದೆ ಎಂದುಬಿಟ್ಟ. ಐದನೆಯ ದಿನ ಕಾರು ಗಚ್ಚಿಬೌಲಿಯ ಟ್ರಾಫಿಕ್ಕಿನ ನಡುವೆ ಹೊಗೆಯುಗುಳಿ ನಿಂತಿತು.

ಕಾರನ್ನು ಎಳೆತಂದು ಎಂಜಿನ್ನಿನ ತಲೆ ಬಿಚ್ಚಿದರೆ, ಎರಡನೆಯ ಪಿಸ್ಟನ್ನಿನಲ್ಲಿ ತೂತು. ಅದರ ಅಂಚು ಬಿಸಿಗೆ ಕರಗಿದ ಬೆಲ್ಲದಂತಿತ್ತು. ಬೇಗ ಹಾರಿದ ಕಿಡಿಯ ಕೆಲಸ ಇದೆಂದು ಗುರುಶಾಂತನಿಗೆ ನೋಡಿದ ಕೂಡಲೇ ತಿಳಿಯಿತು. ಸುತ್ತ ನಾಲ್ಕಾರು ಮಿಸ್ತ್ರಿಗಳು ಬಗ್ಗಿ ನೋಡುತ್ತಿದ್ದರು. ಅಹಲ್ಯಾ ಅವನ ಮುಖವನ್ನೇ ನೋಡುತ್ತಿದ್ದರು. ಆಗ ಅವನ ಬಾಯಿಂದ ಬಂದ ಮಾತು, "ಪಿಸ್ಟನ್ ಕೂಡ್ಸಿದ್ದ ಸರಿಯಿಲ್ಲರಿ ಮೇಡಂ. ಇದು ಬೂದೆಪ್ಪಂದು."

ಬೂದೆಪ್ಪ ಬಂದ. ತೂತಿನ ಅಂಚಿನ ಮೇಲೆ ಬೆರಳಾಡಿಸಿದ, ಒಮ್ಮೆ ಗುರುಶಾಂತನ ಕಡೆ ನೋಡಿದ, ಇನ್ನೊಮ್ಮೆ ಮಾಡಿಕೊಡುತ್ತೇನೆ ಎಂದಷ್ಟೇ ಹೇಳಿ ಎಂಜಿನ್ನನ್ನು ಒಯ್ದ. ಜಗಳವಾಡಿದ್ದರೆ ಗುರುಶಾಂತ ತಡೆದುಕೊಳ್ಳುತ್ತಿದ್ದನೋ ಏನೋ. ಆಮೇಲಿನ ದಿನಗಳಲ್ಲಿ ಅವನಿಗೆ ಊಟ ರುಚಿಸಲಿಲ್ಲ. ಬೂದೆಪ್ಪನ ವರ್ಕ್‌ಶಾಪಿನ ಬೀದಿ ಬಿಟ್ಟು ಸುತ್ತುಹಾಕಿ ಹೋಗತೊಡಗಿದ. ಎರಡು ಗ್ಯಾರೇಜಿನವರು ಬೂದೆಪ್ಪನಿಗೆ ಕೆಲಸ ಕಳಿಸುವುದನ್ನು ನಿಲ್ಲಿಸಿದರೆಂದು ಚಹಾದಂಗಡಿಯಲ್ಲಿ ಕೇಳಿದಾಗ ಅರ್ಧ ಕುಡಿದ ಗ್ಲಾಸನ್ನು ಅಲ್ಲೇ ಇಟ್ಟು ಎದ್ದ.

ಮೂರು ವಾರದ ಮೇಲೆ ಎಂಜಿನ್ನು ಮತ್ತೆ ಕಾರಿನೊಳಗೆ ಕೂತಿತು. ಲೈಟು ಹಿಡಿದರೆ ಕಿವಿಯ ಗುಟ್ಟು ಬಯಲಾದೀತೆಂದು ಗುರುಶಾಂತ ಈ ಸಲವೂ ಅಂದಾಜಿನಲ್ಲೇ ಟೈಮಿಂಗ್ ಕೂಡಿಸಿದ. ಏರು ಹತ್ತಿಸಿ ನೋಡಲು ಅಹಲ್ಯಾ ಸ್ಟಿಯರಿಂಗ್ ಹಿಡಿದರು, ಗುರುಶಾಂತ ಪಕ್ಕದಲ್ಲಿ, ಬೂದೆಪ್ಪ ಹಿಂದಿನ ಸೀಟಿನಲ್ಲಿ. ಅರ್ಧ ಏರಿನಲ್ಲಿ ಅಹಲ್ಯಾ ಮೆಲ್ಲಗೆ ಅಂದರು, "ಮತ್ತೆ ಅದೇ ಸದ್ದು."

ಗುರುಶಾಂತ ಉಸಿರು ಬಿಗಿಹಿಡಿದು ಕೇಳಿದ. ಏನೂ ಇಲ್ಲ.  ಹಿಂದೆ ಕೂತ ಬೂದೆಪ್ಪನಿಗೆ ಅದು ಕೇಳಿಸುತ್ತಿದೆ, ಕೇಳಿಸಿಕೊಂಡೇ ಸುಮ್ಮನಿದ್ದಾನೆ ಎಂದು ತಿರುಗಿ ನೋಡದೆಯೇ ಗೊತ್ತಾಯಿತು.

"ಗಾಡಿ ನಿಲ್ಲಸ್ರಿ," ಎಂದ. ಕಾರು ನಿಂತಿತು. "ಆ ಸದ್ದು ನನಗ ಕೇಳಂಗಿಲ್ಲರಿ. ಎರಡು ವರ್ಷ ಆತು. ಹ್ವಾದ ಸಲ ಪಿಸ್ಟನ್ ಸುಟ್ಟದ್ದು ನನ್ನ ಕೈಯಿಂದ. ಬೂದೆಪ್ಪಂದು ಏನೂ ತಪ್ಪಿಲ್ಲ."

ಅಹಲ್ಯಾ ಎಂಜಿನ್ನು ಆರಿಸಿದರು. ಹಳೇ ಕಾರಿನವರ ಗುಂಪಿನಲ್ಲೆಲ್ಲ ನಾನೇ ಬೂದೆಪ್ಪನವರ ಹೆಸರು ಕೆಡಿಸಿಬಿಟ್ಟೆನಲ್ಲ ಎಂದು ಹಿಂದಕ್ಕೆ ತಿರುಗಿ ಕ್ಷಮೆ ಕೇಳಿದರು. ಆ ಕ್ಷಮೆ ತಾನು ಕೇಳಬೇಕಾದದ್ದು ಎಂದು ಗುರುಶಾಂತನಿಗೆ ಬೈಗುಳಕ್ಕಿಂತ ಆಳವಾಗಿ ನಾಟಿತು.

ಕಾರು ವರ್ಕ್‌ಶಾಪಿಗೆ ಮರಳಿತು. ಬೂದೆಪ್ಪ ಟೈಮಿಂಗ್ ಲೈಟು ತಂದು ಗುರುತಿಗೆ ಹಿಡಿದ, ಡಿಸ್ಟ್ರಿಬ್ಯೂಟರನ್ನು ಹಿಂದಕ್ಕೆ ತಿರುಗಿಸಿ ಬಿಗಿದ. ಹತ್ತು ನಿಮಿಷದ ಕೆಲಸ. ಈ ಸಲ ಕಾರು ಆ ಸದ್ದಿಲ್ಲದೆ ಏರು ಹತ್ತಿತೆಂದು ಅಹಲ್ಯಾ ಫೋನು ಮಾಡಿ ಹೇಳಿದರು.

"ನಿನಗ ಅವತ್ತೇ ಗೊತ್ತಾಗಿತ್ತೇನು?" ಗುರುಶಾಂತ ಕೇಳಿದ.

"ಪಿಸ್ಟನ್ ನೋಡಿದ್ಕೂಡ್ಲೆ."

"ಮತ್ತ್ಯಾಕ ಸುಮ್ಮನಿದ್ದಿ?"

"ನೀವ ಹೇಳ್ತೀರಿ ಅಂತ ಕಾದೆ," ಎಂದ ಬೂದೆಪ್ಪ, ಕೈಯೊರೆಸಿಕೊಳ್ಳುತ್ತ. "ಭಾಳ ದಿನ ಕಾದೆ."

ಮರುದಿನ ಬೆಳಿಗ್ಗೆ ಗುರುಶಾಂತ, ಬೂದೆಪ್ಪನಿಗೆ ಕೆಲಸ ಕಳಿಸುವುದನ್ನು ನಿಲ್ಲಿಸಿದ್ದ ಎರಡೂ ಗ್ಯಾರೇಜುಗಳಿಗೆ ನಡೆದು ಹೋದ. ಮೊದಲನೆಯವರು ಕೂರಲು ಸ್ಟೂಲು ಕೊಟ್ಟು, ಉಸ್ತಾದ್, ಏನು ಸಮಾಚಾರ ಎಂದು ನಗುತ್ತ ಕೇಳಿದರು. ಅವನು ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದ. ಅವರ ನಗು ಆರಿಹೋಗುವುದನ್ನು ನೋಡಿ, ಎರಡನೆಯ ಗ್ಯಾರೇಜಿನ ಕಡೆ ಹೆಜ್ಜೆ ಹಾಕಿದ.