ಹೆಬ್ಬೆರಳ ಶಾಯಿ

ತೊಟ್ಟಿಲಜ್ಜಿಯ ಮನೆಯಲ್ಲಿ ಹಗಲು ಹೊತ್ತು ಆರು ಮಕ್ಕಳಿರುತ್ತಿದ್ದರು. ಹೊರಗಿನ ಲೆಕ್ಕಕ್ಕೆ ಮಾತ್ರ ಇಬ್ಬರೇ.

ಮೂರು ಮಹಡಿಯ ಕಟ್ಟಡದ ತುದಿಯಲ್ಲಿ, ನೀರಿನ ಟ್ಯಾಂಕಿಗೆ ಆತುಕೊಂಡಂತೆ ಇದ್ದ ಮನೆ ಅದು. ಒಂದು ಕೋಣೆ, ಪರದೆಯ ಆಚೆ ಅದರ ಅರ್ಧದಷ್ಟು ಅಡುಗೆಮನೆ. ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವ ತಾಯಂದಿರು ಬೆಳಗಿನ ಸೈರನ್ನಿಗೆ ಮೊದಲೇ ಹಿಂಬದಿಯ ಮೆಟ್ಟಿಲು ಹತ್ತಿ ಮಕ್ಕಳನ್ನು ಬಿಟ್ಟು ಓಡುತ್ತಿದ್ದರು. ಸಂಜೆ ಬಂದು ಎತ್ತಿಕೊಂಡು ಹೋಗುವ ತನಕ ತೊಟ್ಟಿಲಜ್ಜಿಯೇ ತಾಯಿ, ತಂದೆ, ಪೊಲೀಸು.

ಕೆಳಗೆ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಓನರ್ ಬಾಡಿಗೆಗೆ ಕೊಡುವಾಗಲೇ ಕಡ್ಡಿ ಮುರಿದಂತೆ ಹೇಳಿದ್ದ: ಮನೆ ಇರುವುದು ವಾಸಕ್ಕೆ, ವ್ಯಾಪಾರಕ್ಕಲ್ಲ, ಒಂದು ದಿನ ಗೊತ್ತಾದರೂ ಮಾರನೇ ದಿನ ಪಾತ್ರೆ ಪಗಡ ಬೀದಿಗೆ. ಅಜ್ಜಿ ತಾನು ಮತ್ತು ಮಗಳ ಇಬ್ಬರು ಮಕ್ಕಳಷ್ಟೇ ಎಂದು ತಲೆಯಾಡಿಸಿದ್ದಳು. ಆಗ ಅದು ಸುಳ್ಳೂ ಅಲ್ಲ. ಗುಬ್ಬಿ, ಮೊದ್ದು ಎಂದು ಅವಳು ಕರೆಯುವ ಇಬ್ಬರೂ ಅವಳ ಸ್ವಂತ ಮೊಮ್ಮಕ್ಕಳೇ. ಉಳಿದ ನಾಲ್ವರು ಆಮೇಲೆ ಒಬ್ಬೊಬ್ಬರಾಗಿ ಬಂದು ಸೇರಿದವರು. ಮಗುವನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತವಳಿಗೆ ಆಗುವುದಿಲ್ಲ ಎನ್ನಲು ಅಜ್ಜಿಗೆ ನಾಲಿಗೆ ಏಳಲಿಲ್ಲ.

ಹೀಗಾಗಿ ಅವಳು ಮಕ್ಕಳಿಗೆ ಇಲಿಯಾಟ ಕಲಿಸಿದಳು. ಬಾಗಿಲು ತಟ್ಟಿದರೆ ಬೆಕ್ಕು ಬಂದ ಹಾಗೆ. ಗುಬ್ಬಿ, ಮೊದ್ದು ಬಿಟ್ಟು ಮಿಕ್ಕ ಇಲಿಗಳೆಲ್ಲ ಪರದೆಯ ಆಚೆ ಹೋಗಿ, ತುಟಿಯ ಮೇಲೆ ಬೆರಳಿಟ್ಟು, ಮಿಸುಕದೆ ಕೂರಬೇಕು. ಕೆಮ್ಮಿದ ಇಲಿ ಬೆಕ್ಕಿನ ಬಾಯಿಗೆ. ಕೊನೆಯ ತನಕ ಸುಮ್ಮನಿದ್ದವರಿಗೆ ಬೆಲ್ಲದ ತುಣುಕು. ನಾಲ್ಕು ವರ್ಷದ ರೇಡಿಯೋ ಎಂಬ ಹುಡುಗನಿಗೆ ಮೊದಮೊದಲು ಇದು ಸಾಧ್ಯವೇ ಆಗುತ್ತಿರಲಿಲ್ಲ. ಎದ್ದಾಗಿನಿಂದ ಮಲಗುವ ತನಕ ಅವನ ಬಾಯಿಗೆ ಬಿಡುವಿಲ್ಲ, ಅದಕ್ಕೇ ಆ ಹೆಸರು. ಬೆಲ್ಲದ ಆಸೆಗೆ ಅವನೂ ಕಲಿತ. ಹತ್ತು ತಿಂಗಳ ತಂಗಿ ಮೊಗ್ಗುವನ್ನು ಮಡಿಲಲ್ಲಿಟ್ಟುಕೊಂಡು ಅವಳ ತುಟಿಯ ಮೇಲೂ ತಾನೇ ಬೆರಳಿಡುತ್ತಿದ್ದ.

ಮೂರು ತಿಂಗಳ ಹಿಂದೆ ದಡಾರದ ಲಸಿಕೆಯ ಅಭಿಯಾನ ನಡೆದಾಗ ಆ ಆಟ ಚೆನ್ನಾಗಿಯೇ ನಡೆಯಿತು. ನರ್ಸಮ್ಮ ಪೆಟ್ಟಿಗೆ ಹೊತ್ತು ಮನೆ ಮನೆ ಹತ್ತಿದಳು. ಜೊತೆಗೆ ಕಟ್ಟಡದ ಓನರ್ ಇರಬೇಕೆಂದು ಕಚೇರಿಯಿಂದ ಸೂಚನೆ ಬಂದಿತ್ತು, ಅವನೂ ಮೊಣಕಾಲಿಗೆ ಶಾಪ ಹಾಕುತ್ತಾ ಹಿಂದೆಯೇ ಹತ್ತಿದ. ಅವನ ಎದುರು ಆರು ಮಕ್ಕಳನ್ನು ತೋರಿಸುವುದುಂಟೇ? ಗುಬ್ಬಿಗೆ, ಮೊದ್ದುವಿಗೆ ಸೂಜಿ ಬಿತ್ತು, ಎಡಗೈ ಹೆಬ್ಬೆರಳ ಉಗುರಿಗೆ ನೇರಳೆ ಶಾಯಿ ಬಿತ್ತು, ಬಾಗಿಲ ಮೇಲೆ ಸೀಮೆಸುಣ್ಣದ ಗುರುತು ಬಿತ್ತು: ಈ ಮನೆಯ ಮಕ್ಕಳದ್ದೆಲ್ಲ ಆಯಿತು. ಉಳಿದವರಿಗೆ ಅವರವರ ಮನೆಯಲ್ಲಿ ಹಾಕುತ್ತಾರೆ ಬಿಡು ಎಂದುಕೊಂಡು ಅಜ್ಜಿ ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಹಗಲಿನಲ್ಲಿ ಆ ಮನೆಗಳಿಗೆಲ್ಲ ಬೀಗ ಇರುತ್ತದೆ ಎಂಬುದನ್ನು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು?

ಅವಳು ಅಲ್ಲಿಗೇ ನಿಲ್ಲಿಸಿದ್ದರೂ ಹೋಗಲಿ ಎನ್ನಬಹುದಿತ್ತು. ನರ್ಸಮ್ಮ ಅವಸರದಲ್ಲಿ ಶಾಯಿಯ ಪೆನ್ನನ್ನು ಕಿಟಕಿಯ ಮೇಲೆ ಮರೆತು ಹೋಗಿದ್ದಳು. ಅಭಿಯಾನದವರು ಬೀದಿಯಲ್ಲಿ ಮಕ್ಕಳ ಬೆರಳು ನೋಡುತ್ತಿದ್ದರು, ಗುರುತಿಲ್ಲದಿದ್ದರೆ ಎಲ್ಲಿರುತ್ತೀ ಮರಿ ಎಂದು ಕೇಳಿ ಹಿಂದೆಯೇ ಬರುತ್ತಿದ್ದರು. ರೇಡಿಯೋನ ಬಾಯಿ ಕೇಳಬೇಕೇ, ಮನೆಯ ದಾರಿಯನ್ನಷ್ಟೇ ಅಲ್ಲ, ಇಲಿಯಾಟವನ್ನೂ ಆಡಿ ತೋರಿಸಿಯಾನು. ಅಜ್ಜಿ ಪೆನ್ನು ತೆಗೆದು ಉಳಿದವರ ಹೆಬ್ಬೆರಳಿಗೂ ಒಂದೊಂದು ಗುರುತು ಎಳೆದುಬಿಟ್ಟಳು. ಮೊಗ್ಗುವನ್ನು ಮಾತ್ರ ಬಿಟ್ಟಳು, ಅವಳಿಗೆ ಆಗ ಆ ಲಸಿಕೆಯ ವಯಸ್ಸಾಗಿರಲಿಲ್ಲ. ಸಂಜೆ ತಾಯಂದಿರು ಬಂದು ನೇರಳೆ ಉಗುರು ನೋಡಿದರು. ಹೇಗಾಯಿತು ಎಂದು ಯಾರೂ ಕೇಳಲಿಲ್ಲ, ಅಜ್ಜಿ ಹೇಳಲೂ ಇಲ್ಲ.

ಇವತ್ತು ಬೆಳಿಗ್ಗೆ ರೇಡಿಯೋ ಮಾತಿಲ್ಲದೆ ಬಂದ. ಮೂರು ದಿನದಿಂದ ರಾತ್ರಿ ಹೊತ್ತು ಸ್ವಲ್ಪ ಜ್ವರ, ರಜೆ ಹಾಕಿದರೆ ಸೂಪರ್‌ವೈಸರ್ ಮನೆಗೇ ಕಳಿಸಿಬಿಡುತ್ತಾನೆ ಎಂದು ಅವನ ತಾಯಿ ಕಣ್ಣು ತಪ್ಪಿಸುತ್ತಾ ಹೇಳಿ ಹೋದಳು. ಅಜ್ಜಿ ಮುಖ ತೊಳೆಸಲು ಕೂರಿಸಿಕೊಂಡಾಗ ಅವನ ಕಣ್ಣು ಕೆಂಪಗಾಗಿ ನೀರು ಸುರಿಯುತ್ತಿತ್ತು. ಕಿವಿಯ ಹಿಂದೆ, ಕೂದಲಿನ ಅಂಚಿನಲ್ಲಿ, ಸಣ್ಣ ಕೆಂಪು ಕಲೆಗಳು. ಒರೆಸುತ್ತಿದ್ದ ಬಟ್ಟೆ ಅವಳ ಕೈಯಲ್ಲೇ ನಿಂತಿತು.

ಅವಳು ಹುಡುಗಿಯಾಗಿದ್ದ ಕಾಲದಲ್ಲಿ ಇಂಥ ಕಲೆ ಒಂದು ಮನೆಯಲ್ಲಿ ಕಂಡರೆ ಕೇರಿಗೆ ಕೇರಿಯೇ ಬಾಗಿಲು ಹಾಕಿಕೊಳ್ಳುತ್ತಿತ್ತು. ಅವಳ ಬೆನ್ನಿಗೆ ಹುಟ್ಟಿದ ತಮ್ಮ ಹಾಗೆಯೇ ಹೋದ. ಆಮೇಲೆ ಸೂಜಿ ಬಂತು, ವರ್ಷದಿಂದ ವರ್ಷಕ್ಕೆ ಕಲೆಗಳು ಅಪರೂಪವಾದವು, ಈಗಿನ ತಾಯಂದಿರಿಗೆ ಅದು ಹೇಗಿರುತ್ತದೆ ಎಂಬುದೇ ಗೊತ್ತಿಲ್ಲ. ಅಜ್ಜಿಗೆ ಗೊತ್ತಿತ್ತು. ಆದರೂ ಸೆಕೆಗೆ ಬಂದ ಬೆವರುಸಾಲೆ ಇರಬೇಕು ಎಂದು ತನಗೆ ತಾನೇ ಹೇಳಿಕೊಂಡು ಅವನನ್ನು ಅಡುಗೆಮನೆಯ ಮೂಲೆಯಲ್ಲಿ ಮಲಗಿಸಿದಳು.

ಮಧ್ಯಾಹ್ನದ ಹೊತ್ತಿಗೆ ಯಾರೋ ಬಾಗಿಲು ಬಡಿದರು.

ಮಕ್ಕಳು ಹೇಳಿಸಿಕೊಳ್ಳಲಿಲ್ಲ. ತಟ್ಟೆಗಳನ್ನು ಅಲ್ಲಲ್ಲೇ ಬಿಟ್ಟು ಪರದೆಯ ಹಿಂದೆ ಸರಿದರು. ಒಬ್ಬಳು ಮೊಗ್ಗುವನ್ನು ಎತ್ತಿಕೊಂಡು ಹೋಗಿ ಅಣ್ಣನ ಪಕ್ಕ ಕೂರಿಸಿದಳು. ಅಜ್ಜಿ ಅವರ ತಟ್ಟೆಗಳನ್ನು ಕಾಲಿನಿಂದಲೇ ಮಂಚದಡಿಗೆ ತಳ್ಳಿ ಅಗುಳಿ ತೆಗೆದಳು.

ಅದೇ ನರ್ಸಮ್ಮ, ಹೆಗಲಲ್ಲಿ ಅದೇ ನೀಲಿ ಪೆಟ್ಟಿಗೆ. ಹಿಂದೆ ಗೋಡೆ ಹಿಡಿದು ಏದುಸಿರು ಬಿಡುತ್ತಾ ಓನರ್.

“ಈ ಪೆಟ್ಟಿಗೆ ಇನ್ನೊಂದ್ಸಲ ಬಂದ್ರೆ ನಾನು ಲಿಫ್ಟ್ ಹಾಕಿಸ್ಬೇಕು, ಇಲ್ಲಾ ಇವರು ನನಗೊಂದು ಹೊಸಾ ಮೊಣಕಾಲು ಕೊಡಿಸ್ಬೇಕು,” ಎಂದ ಅವನು.

ನರ್ಸಮ್ಮ ನಗಲಿಲ್ಲ. ಪಕ್ಕದ ಬೀದಿಯಲ್ಲಿ ಇಬ್ಬರು ಮಕ್ಕಳಿಗೆ ದಡಾರ ಬಂದಿದೆಯಂತೆ, ಒಂದು ಕೂಸು ಆಸ್ಪತ್ರೆಯಲ್ಲಿದೆಯಂತೆ. ಇಷ್ಟು ವರ್ಷ ಈ ಪೆಟ್ಟಿಗೆಯನ್ನು ಮಣ್ಣು ಹೊತ್ತ ಹಾಗೆ ಹೊತ್ತು ಹೆಚ್ಚುಕಡಿಮೆ ಎಲ್ಲ ಮಕ್ಕಳನ್ನೂ ಮುಟ್ಟಿದ್ದೇವೆ, ಗೋಡೆ ನಿಂತಿದೆ, ಆದರೆ ಎಲ್ಲೋ ಇಟ್ಟಿಗೆ ಬಿಟ್ಟುಹೋಗಿದೆ, ಅದೆಲ್ಲಿ ಎಂದೇ ತಿಳಿಯುತ್ತಿಲ್ಲ ಎಂದಳು. ಅವಳ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

“ಇಲ್ಲಿ ಇಬ್ರೇ ಅಲ್ವಾ ಅಜ್ಜಿ?”

“ಇಬ್ರೇ ಕಣಮ್ಮ,” ಎಂದಳು ಅಜ್ಜಿ. ಗುಬ್ಬಿ, ಮೊದ್ದು ಇಬ್ಬರೂ ಪಳಗಿದ ಹಾಗೆ ತಲೆಯಾಡಿಸಿದರು.

ನರ್ಸಮ್ಮ ಅವರಿಬ್ಬರ ಕಾರ್ಡು ನೋಡಿದಳು, ಕಣ್ಣು ನೋಡಿದಳು, ಕಿವಿ ಮಡಚಿ ಹಿಂದೆ ನೋಡಿದಳು. ಅವಳು ಕಿವಿ ಮಡಚಿದಾಗ ಅಜ್ಜಿ ಪರದೆಗೆ ಅಡ್ಡವಾಗಿ ಸರಿದು ನಿಂತಳು. ಪರದೆಯ ಆಚೆಯಿಂದ ಸದ್ದೇ ಇರಲಿಲ್ಲ. ಅಷ್ಟು ಮಕ್ಕಳು, ಅದರಲ್ಲೊಂದು ಹಸುಗೂಸು, ಒಬ್ಬ ಜ್ವರದವನು. ಒಂದು ಉಸಿರೂ ಕೇಳಿಸಲಿಲ್ಲ. ಇಷ್ಟು ದಿನ ಆ ಮೌನ ಕೇಳಿ ಅವಳಿಗೆ ಹೆಮ್ಮೆಯಾಗುತ್ತಿತ್ತು. ಇವತ್ತು ಯಾರಾದರೂ ಒಮ್ಮೆ ಅತ್ತರೆ ಸಾಕಿತ್ತು, ತನ್ನ ಬಾಯಿಂದ ಹೇಳುವ ಕಷ್ಟ ತಪ್ಪುತ್ತಿತ್ತು ಎನ್ನಿಸಿತು.

“ಜ್ವರ, ಕಲೆ ಏನಾದ್ರೂ ಕಂಡ್ರೆ ಮುಚ್ಚಿಡ್ಬೇಡಿ ಅಜ್ಜಿ,” ಎಂದಳು ನರ್ಸಮ್ಮ ಪೆಟ್ಟಿಗೆ ಮುಚ್ಚುತ್ತಾ. “ದಡಾರ ಬಂದ ಮಗು ಜೊತೆ ಇದ್ದೋರಿಗೆ ಕೂಡ್ಲೇ ಹಾಕಿದ್ರೆ ಇನ್ನೂ ತಡೀಬಹುದು. ನಾಳೆ ನಾಡಿದ್ದು ಅಂದ್ರೆ ನನ್ನ ಕೈಲೂ ಇರಲ್ಲ.”

ಅಜ್ಜಿಯ ಬಾಯಿ ತೆರೆಯಿತು. ಓನರ್ ಮೇಲಿನ ಸೂರಿನ ತೇವ ನೋಡುತ್ತಾ ಬಾಗಿಲಲ್ಲೇ ನಿಂತಿದ್ದ. ಬಾಯಿ ಮುಚ್ಚಿಕೊಂಡಿತು. ನರ್ಸಮ್ಮ ಬಾಗಿಲ ಮೇಲಿನ ಹಳೆಯ ಗುರುತಿನ ಪಕ್ಕ ಹೊಸ ಗುರುತು ಗೀಚಿದಳು. ಇಬ್ಬರ ಹೆಜ್ಜೆಯ ಸದ್ದೂ ಮೆಟ್ಟಿಲಿಳಿಯಿತು.

ಅಜ್ಜಿ ಪರದೆ ಸರಿಸಿದಳು. “ಬೆಕ್ಕು ಹೋಯ್ತು.”

ಇಬ್ಬರು ಇಲಿಗಳು ಕುಪ್ಪಳಿಸಿ ಎದ್ದು ಬೆಲ್ಲಕ್ಕೆ ಕೈಚಾಚಿದರು. ರೇಡಿಯೋ ಏಳಲಿಲ್ಲ. ಅವನು ಗೋಡೆಗೆ ಒರಗಿ, ಮೊಗ್ಗುವಿನ ಕೆನ್ನೆಗೆ ಕೆನ್ನೆ ಒತ್ತಿ ಕೂತಿದ್ದ. ಒಂದು ಕೈ ತಂಗಿಯ ತುಟಿಯ ಮೇಲೆ. ಇನ್ನೊಂದು ಕೈಯಲ್ಲಿ ಅಂಗಿಯ ಅಂಚನ್ನು ಮುದ್ದೆ ಮಾಡಿ ತನ್ನ ಬಾಯಿಗೆ ತುರುಕಿಕೊಂಡಿದ್ದ. ಉಸಿರಿಗೊಮ್ಮೆ ಪಕ್ಕೆಲುಬು ಒಳಗೆ ಎಳೆದುಕೊಳ್ಳುತ್ತಿತ್ತು. ಕಲೆಗಳು ಕತ್ತಿಗೆ ಇಳಿದಿದ್ದವು. ಅಜ್ಜಿ ಮಂಡಿಯೂರಿ ಆ ಬಟ್ಟೆಯ ಮುದ್ದೆಯನ್ನು ಎಳೆದು ತೆಗೆದಳು. ಜೊಲ್ಲಿನಿಂದ ಒದ್ದೆಯಾಗಿತ್ತು.

“ನಾನು ಕೆಮ್ಮಲಿಲ್ಲ ಅಜ್ಜಿ,” ಎಂದ ರೇಡಿಯೋ.

ತೊಟ್ಟಿಲಜ್ಜಿಗೆ ಆಮೇಲೆ ತಾನು ಏನು ಯೋಚಿಸಿದೆ ಎಂದು ಎಷ್ಟು ನೆನೆಸಿಕೊಂಡರೂ ತಿಳಿಯಲಿಲ್ಲ. ಯೋಚಿಸಿರಲೇ ಇಲ್ಲವೇನೋ. ರೇಡಿಯೋ ಒಂದು ಹೆಗಲಿನಲ್ಲಿ, ಮೊಗ್ಗು ಇನ್ನೊಂದು ಕಂಕುಳಲ್ಲಿ, ಮಿಕ್ಕವರು ಅವಳ ಸೆರಗು ಹಿಡಿದು ಹಿಂದೆ; ಯಾವತ್ತೂ ಮಕ್ಕಳನ್ನು ಇಳಿಸದ ಮುಂದಿನ ಮೆಟ್ಟಿಲಿನಲ್ಲೇ, ಎಲ್ಲ ಬಾಗಿಲುಗಳ ಎದುರೇ ಇಳಿದಳು. ಇಳಿಯುತ್ತಲೇ ಕೂಗಿದಳು. ಅಷ್ಟು ದೊಡ್ಡ ದನಿ ತನ್ನಲ್ಲಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. ನರ್ಸಮ್ಮ ಅಂಗಡಿಯ ಮುಂದೆ ತಿರುಗಿ ನಿಂತಳು.

“ಇಬ್ರಲ್ಲ ಕಣಮ್ಮ, ಆರು ಜನ,” ಎಂದಳು ಅಜ್ಜಿ. “ನಾಲ್ವರಿಗೆ ಏನೂ ಹಾಕಿಲ್ಲ. ಬೆರಳಿಗೆ ಶಾಯಿ ಬಳಿದೋಳು ನಾನು.”

ಓನರ್ ತಕ್ಕಡಿಯಲ್ಲಿ ಮೊಳೆ ತೂಗುತ್ತಿದ್ದ ಹುಡುಗನಿಂದ ಮುಖ ತಿರುಗಿಸಿ, ಮಕ್ಕಳ ಸಾಲನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಅವನ ಮುಖ ಕೆಂಪಗಾಯಿತು. ನರ್ಸಮ್ಮ ಅವನಿಗೆ ಮಾತಾಡಲು ಬಿಡಲಿಲ್ಲ. ರೇಡಿಯೋನ ಎದೆಗೆ ಕಿವಿಯಿಟ್ಟಳು, ಇವನನ್ನು ಈ ಕ್ಷಣ ಆಸ್ಪತ್ರೆಗೆ ಒಯ್ಯಬೇಕು ಎಂದಳು. ಉಳಿದ ಮಕ್ಕಳನ್ನು ಬಣ್ಣದ ಡಬ್ಬಿಗಳ ಮೇಲೆ ಸಾಲಾಗಿ ಕೂರಿಸಿ, ಕಾರ್ಖಾನೆಗೆ ಫೋನು ಮಾಡಿಸಿ ಒಬ್ಬೊಬ್ಬ ತಾಯಿಯನ್ನೂ ಕೇಳಿ ಪೆಟ್ಟಿಗೆ ತೆರೆದಳು. ಕೊನೆಗೆ ಮೊಗ್ಗುವಿನ ತೊಡೆ ಹಿಡಿದಳು.

“ಅಣ್ಣನ ಮಡಿಲಲ್ಲೇ ಇದ್ದೋಳು ಅಂತೀರಿ, ತಡ ಆಗಿರ್ಲೂಬಹುದು. ಆದ್ರೂ ಹಾಕ್ತೀನಿ,” ಎಂದಳು.

ಮೊಗ್ಗು ಬಾಯಿ ತುಂಬ ಅತ್ತಳು. ಯಾರೂ ಅವಳ ತುಟಿಯ ಮೇಲೆ ಬೆರಳಿಡಲಿಲ್ಲ.

ಅಷ್ಟರಲ್ಲಿ ಓನರ್ ತನ್ನ ಸಾಮಾನಿನ ವ್ಯಾನಿನಲ್ಲಿ ಸಿಮೆಂಟು ಚೀಲ ಸರಿಸಿ ಜಾಗ ಮಾಡಿದ್ದ. ಮಿಕ್ಕ ಮಕ್ಕಳನ್ನು ನರ್ಸಮ್ಮನ ಬಳಿ ಬಿಟ್ಟು ಅಜ್ಜಿ ಅಣ್ಣ ತಂಗಿಯನ್ನು ಎತ್ತಿಕೊಂಡು ಹತ್ತಿದಳು. ದಾರಿಯುದ್ದಕ್ಕೂ ಬೈದ. ಮೋಸ ಮಾಡಿದಿರಿ, ಕಟ್ಟಡದ ಮಾನ ಕಳೆದಿರಿ, ತಿಂಗಳು ಮುಗಿಯುವ ಮೊದಲು ಮನೆ ಖಾಲಿಯಾಗಬೇಕು. ಬೈಯುತ್ತಲೇ ಎರಡು ಕೆಂಪು ದೀಪ ದಾಟಿಸಿದ. ಆಸ್ಪತ್ರೆಯ ಬಾಗಿಲಲ್ಲಿ ರೇಡಿಯೋನನ್ನು ತಾನೇ ಎತ್ತಿಕೊಂಡು, ಮೊಣಕಾಲು ಮರೆತು ಓಡಿದ. ಖಾಲಿ ಮಾಡಬೇಕೆಂಬ ಮಾತನ್ನು ಮಾತ್ರ ವಾಪಸು ತೆಗೆದುಕೊಳ್ಳಲಿಲ್ಲ.

ರೇಡಿಯೋನ ತಾಯಿ ಕಾರ್ಖಾನೆಯ ಟೋಪಿಯಲ್ಲೇ ಓಡಿಬಂದಳು. ಒಳಗೆ ಮಗನ ಮೂಗಿಗೆ ಗಾಳಿಯ ಕೊಳವೆ ಸಿಕ್ಕಿಸಿದ್ದರು. ಶ್ವಾಸಕೋಶಕ್ಕೆ ಇಳಿದಿದೆ, ಬೇಗ ತಂದದ್ದು ಒಳ್ಳೆಯದಾಯಿತು ಎಂದಷ್ಟೇ ಡಾಕ್ಟರು ಹೇಳಿದ್ದರು. ಅವಳಿಗೆ ಅರ್ಥವಾಗದೇ ಇದ್ದದ್ದು ಒಂದೇ. ಲಸಿಕೆ ಹಾಕಿಸಿದ ಮಗುವಿಗೆ ಇದು ಹೇಗೆ ಬಂತು ಎಂದು ಅಜ್ಜಿಯನ್ನೇ ಕೇಳಿದಳು. ಊರು ಬಿಟ್ಟು ಊರಿಗೆ ಬಂದಾಗ ಹಿಂದಿನ ಲಸಿಕೆಗಳೆಲ್ಲ ತಪ್ಪಿಹೋಗಿದ್ದವು, ಇಲ್ಲಿ ಅಜ್ಜಿಯ ಪುಣ್ಯದಿಂದ ಆಯಿತಲ್ಲ ಎಂದುಕೊಂಡಿದ್ದಳಂತೆ.

ಅಜ್ಜಿ ಸೊಂಟದ ಚೀಲಕ್ಕೆ ಕೈಹಾಕಿ ಪೆನ್ನು ತೆಗೆದಳು. ಮುಚ್ಚಳಕ್ಕೆ ನೇರಳೆ ಅಂಟಿತ್ತು. ಅದನ್ನು ಅಂಗೈ ಮೇಲಿಟ್ಟು ಹಿಡಿದು, ಏನಾಯಿತೋ ಅದನ್ನು ಹೇಳಿದಳು. ಮನೆ ಹೋಗುವ ಹೆದರಿಕೆಯನ್ನು ಹೇಳಿದಳು, ಅದನ್ನು ನೆಪ ಮಾಡಲಿಲ್ಲ.

ತಾಯಿ ಪೆನ್ನನ್ನು ಮುಟ್ಟಲಿಲ್ಲ.

“ಆ ದಿನ ಆ ಬೆರಳಿಗೆ ಮುತ್ತು ಕೊಟ್ಟಿದ್ದೆ ಅಜ್ಜಿ,” ಎಂದಳು. ಅಷ್ಟು ಹೇಳಿ ಮೊಗ್ಗುವನ್ನು ಅಜ್ಜಿಯ ತೋಳಿನಿಂದ ಕಿತ್ತುಕೊಂಡು ಒಳಗೆ ಹೋದಳು.

ರೇಡಿಯೋನ ಜ್ವರ ನಿಧಾನವಾಗಿ ಇಳಿಯಿತು. ಮೊಗ್ಗುವಿನ ವಿಷಯ ಮಾತ್ರ ಯಾರ ಕೈಯಲ್ಲೂ ಇರಲಿಲ್ಲ. ಬರುವುದಾದರೆ ಇನ್ನೊಂದೆರಡು ವಾರದೊಳಗೆ ಕಿವಿಯ ಹಿಂದೆ ಕಾಣಿಸುತ್ತದೆ, ಕಾಯಬೇಕು ಎಂದಿದ್ದಳು ನರ್ಸಮ್ಮ. ಅವಳು ಬಂದು ಅಜ್ಜಿಯ ಬಾಗಿಲ ಮೇಲಿನ ಎರಡು ಗುರುತುಗಳನ್ನೂ ಒದ್ದೆ ಬಟ್ಟೆಯಿಂದ ಒರೆಸಿದಳು. ಇನ್ನುಮುಂದೆ ಬೀಗ ಹಾಕಿದ ಮನೆಗಳಿಗೆ ಕಾರ್ಖಾನೆಯ ಪಾಳಿ ಮುಗಿದ ಮೇಲೆ ಹೋಗುತ್ತೇನೆ ಎಂದಳು. ಮಕ್ಕಳನ್ನು ನೋಡಿಕೊಳ್ಳುವ ಕೋಣೆಗಳು ಬೇರೆ ಎಲ್ಲೆಲ್ಲಿವೆ ಎಂದೂ ಕೇಳಿದಳು. ಅಂಥ ಇನ್ನೂ ಕೆಲವು ಪರದೆಗಳು ಅಜ್ಜಿಗೆ ಗೊತ್ತಿದ್ದವು. ಮೊದಲು ಆ ಹೆಂಗಸರ ಹತ್ತಿರ ನಾನೇ ಮಾತಾಡುತ್ತೇನೆ, ಓನರುಗಳನ್ನು ಮಾತ್ರ ಜೊತೆಗೆ ಕರೆತರಬೇಡಿ ಎಂದಳು. ನರ್ಸಮ್ಮ ಒಪ್ಪಿದಳು. ಅಜ್ಜಿ ಚಾಚಿದ ಪೆನ್ನನ್ನು ಜೇಬಿಗೆ ಹಾಕಿಕೊಂಡಳು.

ಅಜ್ಜಿ ಪಾತ್ರೆಗಳನ್ನು ಪೆಟ್ಟಿಗೆಗೆ ತುಂಬತೊಡಗಿದಳು. ಮಿಕ್ಕ ತಾಯಂದಿರಲ್ಲಿ ಒಬ್ಬಳು ಬರುವುದು ಬಿಟ್ಟಳು, ಒಬ್ಬಳು ಬಂದಳು. ರೇಡಿಯೋನ ತಾಯಿ ಬರುತ್ತಾಳೆಂದು ಅವಳು ಅಂದುಕೊಂಡಿರಲಿಲ್ಲ.

ಬಂದಳು. ಒಂದು ಬೆಳಿಗ್ಗೆ ಸೈರನ್ನಿಗೆ ಮೊದಲು, ಮುಂದಿನ ಮೆಟ್ಟಿಲಿನಲ್ಲಿ. ಕಂಕುಳಲ್ಲಿ ಮೊಗ್ಗು, ಕೈಯಲ್ಲಿ ಸೊರಗಿದ ರೇಡಿಯೋ. ಅವನು ಆಸ್ಪತ್ರೆಯಲ್ಲಿ ಒಂದು ಗಿಣಿ ಇತ್ತೆಂದು ಆಗಲೇ ಶುರು ಮಾಡಿದ್ದ. ತಾಯಿ ಅಜ್ಜಿಯ ಮುಖ ನೋಡಲಿಲ್ಲ. ಹೊಸ್ತಿಲಲ್ಲೇ ನಿಂತು ಮೊಗ್ಗುವಿನ ತಲೆಯನ್ನು ಬೆಳಕಿಗೆ ವಾಲಿಸಿ, ಎಳೆಯ ಕಿವಿಯನ್ನು ಬೆರಳ ತುದಿಯಿಂದ ಮಡಚಿ ಹಿಡಿದಳು.

ಅಜ್ಜಿ ಹತ್ತಿರ ಬಗ್ಗಿದಳು. ಇಬ್ಬರೂ ಒಟ್ಟಿಗೆ ನೋಡಿದರು.

“ಇವತ್ತಿಗೆ ಇಲ್ಲ,” ಎಂದಳು ಅಜ್ಜಿ.

ತಾಯಿ ಮಗುವನ್ನು ಅವಳ ತೋಳಿಗೆ ದಾಟಿಸಿ ಮೆಟ್ಟಿಲಿಳಿದಳು.