ಹೂವಯ್ಯನ ಮೊಳೆ ಯಂತ್ರ

“ಯಂತ್ರದ ಮೇಲೆ ಅಷ್ಟು ನಂಬಿಕೆ ಇದ್ರೆ ಗರಗಸದ ಪಕ್ಕ ನೀವೇ ನಿಂತ್ಕಳಿ ಹೂವಯ್ಯನೋರೆ,” ಎಂದು ಗುತ್ಯಪ್ಪ ತನ್ನ ಜಾಗ ಬಿಟ್ಟು ಸರಿದು ನಿಂತ.

ಅವನು ಹಾಗೆನ್ನುವುದಕ್ಕೆ ಕಾರಣವಿತ್ತು. ಹಿಂದಿನ ತಿಂಗಳು ದಿಮ್ಮಿಯೊಳಗೆ ಅಡಗಿದ್ದ ಹಳೇ ಮೊಳೆಗೆ ತಾಗಿ ಗರಗಸ ಚೂರಾದಾಗ, ಅದರ ಒಂದು ಹಲ್ಲು ಹಾರಿ ಅವನ ಎಡಗಿವಿಯ ಅರ್ಧವನ್ನು ಒಯ್ದಿತ್ತು. ಆ ಅರ್ಧ ಕಿವಿ ಇಕ್ಕೇರಿ ದೇವಸ್ಥಾನದ ಅಂಗಳದಲ್ಲಿ ಹೋಗಿ ಬಿತ್ತು ಎನ್ನುವವರಿದ್ದಾರೆ. ಅದು ಉತ್ಪ್ರೇಕ್ಷೆ, ಅಂಗಳಕ್ಕೆ ಹತ್ತು ಮಾರು ಈಚೆಗೇ ಬಿತ್ತು. ಅಂದಿನಿಂದ ಹೊಸನಗರ ರಸ್ತೆಯ ಆ ಸಾಮಿಲ್ಲಿನಲ್ಲಿ ಯಾರೂ ಗರಗಸದ ಹತ್ತಿರ ಸುಳಿಯಲಿಲ್ಲ. ಉಳಿದದ್ದು ಒಂದೇ ಗರಗಸ. ಸಾಹುಕಾರ ಮಾಸ್ತಪ್ಪ ದಿಕ್ಕು ತೋಚದೆ ಸಾಗರ ಪೇಟೆಯ ರೇಡಿಯೋ ರಿಪೇರಿ ಹೂವಯ್ಯನನ್ನು ಕರೆಸಿದ್ದ.

ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ನಿಂತು ಎರಡು ವರ್ಷವಾಗಿತ್ತು. ಆ ಹೊತ್ತಿಗೆ ಸಾಗರದಿಂದ ತೀರ್ಥಹಳ್ಳಿಯವರೆಗೆ ಹೂವಯ್ಯ ಬಿಚ್ಚದ ರೇಡಿಯೋ ಒಂದೂ ಇರಲಿಲ್ಲ. ಅವುಗಳಲ್ಲಿ ಮತ್ತೆ ಹಾಡಿದ್ದೆಷ್ಟು ಎಂದು ಕೇಳುವುದು ಸಭ್ಯತೆಯಲ್ಲ.

“ಮೊಳೆ ತಾನೇ? ನನ್ನ ಯಂತ್ರ ಪಾತಾಳದಲ್ಲಿರೋ ಗುಂಡುಸೂಜೀನೂ ಹೆಸರು ಹಿಡಿದು ಕರೀತದೆ,” ಎಂದಿದ್ದ ಹೂವಯ್ಯ. ಆಗಿನ್ನೂ ಯಂತ್ರ ಹುಟ್ಟಿಯೇ ಇರಲಿಲ್ಲ.

ಹೆಂಡತಿ ವರದಾಳ ಬಿದಿರಿನ ಜರಡಿಯ ಬಲೆ ಕಿತ್ತು, ಉಳಿದ ಬಳೆಗೆ ತಾಮ್ರದ ತಂತಿ ಸುತ್ತಿದ. ಪೆಟ್ಟಿಗೆಯೊಳಗೆ ಇನ್ನೊಂದು ಸುರುಳಿ ಕೂರಿಸಿದ. ಎರಡೂ ಮನುಷ್ಯರ ಕಿವಿಗೆ ನಿಲುಕದ ಸ್ವರದಲ್ಲಿ ಹಾಡಬೇಕು. ಶ್ರುತಿ ಕೂಡಿದ್ದರೆ ಸ್ಪೀಕರು ಸುಮ್ಮನಿರುತ್ತದೆ. ಹೊರಗಿನ ಸುರುಳಿಯ ಹತ್ತಿರ ಕಬ್ಬಿಣ ಬಂದರೆ ಅದರ ಶ್ರುತಿ ಕೆಟ್ಟು ಸ್ಪೀಕರು ‘ಕುಂಯ್’ ಎನ್ನುತ್ತದೆ. ಆದರೆ ಮೊದಲ ಯಂತ್ರ ಕಂಡದ್ದಕ್ಕೆಲ್ಲ ಕುಂಯ್ ಎಂದಿತು. ಕೈ ತಂದರೆ ಕುಂಯ್, ಒದ್ದೆ ತೊಗಟೆಗೆ ಕುಂಯ್, ಮಾಸ್ತಪ್ಪನ ಹೊಟ್ಟೆ ಒಂದು ಗಜ ದೂರದಲ್ಲಿ ಕಂಡರೂ ಕುಂಯ್. ಹದಿನೈದು ದಿನ ಆ ಅರಚಾಟ ಕೇಳಿ ಬೇಸತ್ತ ಹೂವಯ್ಯ, ಟೀ ಪೆಟ್ಟಿಗೆಯ ಬೆಳ್ಳಿ ಕಾಗದ ತಂದು ಬಳೆಯ ಸುತ್ತ ಎಲ್ಲೂ ಸಂದು ಬಿಡದಂತೆ ಸುತ್ತಿದ. ಕೈ ತಂದ, ಮೌನ. ಒದ್ದೆ ತೊಗಟೆ ಹಿಡಿದ, ಮೌನ. ಗೆದ್ದೆ ಎಂದು ವರದಾಳಿಗೆ ಹೊಸ ಜರಡಿ ಕೊಡಿಸುವ ಮಾತನ್ನೂ ಕೊಟ್ಟ.

ಇವತ್ತು ಹೊಸನಗರದ ಕಡೆಯಿಂದ ಬಂದ ಆನೆಗಾತ್ರದ ಮತ್ತಿ ಮರದ ದಿಮ್ಮಿಯ ಮೇಲೆ ಯಂತ್ರ ಆಡಿಸಿದಾಗಲೂ ಅದೇ ಮೌನ. “ಒಂದು ಮುಳ್ಳೂ ಇಲ್ಲ, ಕುಯ್ಯಿರಿ!” ಎಂದು ಘೋಷಿಸಿದ. ಗುತ್ಯಪ್ಪ ಜಾಗ ಬಿಟ್ಟು ಸರಿದದ್ದು ಆಗಲೇ.

ಹೂವಯ್ಯ ಎದೆಯುಬ್ಬಿಸಿ ನಿಂತ. ಎಂಜಿನ್ನು ಹೊರಟಿತು, ಗರಗಸ ಹಲ್ಲು ಕಡಿಯಿತು. ಆಗ ಅವನಿಗೊಂದು ಯೋಚನೆ ಬಂತು. ಬೆಳಗ್ಗಿನಿಂದ ಸೊಂಟದ ಬೀಗದ ಕೈ ಗೊಂಚಲು ಯಂತ್ರದ ಬಳೆಗೆ ನೂರು ಸಲ ತಾಗಿದೆ. ಸ್ಪೀಕರು ಕೆಮ್ಮಲೂ ಇಲ್ಲ. ಕಾಲಬುಡದಲ್ಲಿದ್ದ ಬಳೆಯ ಮೇಲೆ ಮೆಲ್ಲಗೆ ಗೊಂಚಲು ಹಿಡಿದ. ಮೌನ. ಸ್ಕ್ರೂಡ್ರೈವರ್ ಹಿಡಿದ. ಮೌನ. ಬೆನ್ನಿನಲ್ಲಿ ಶರಾವತಿ ಹರಿಯಿತು. ಬಾಯಿ ಬಿಟ್ಟರೆ ಮಾನ, ಬಿಡದಿದ್ದರೆ ಕಿವಿ. ದಿಮ್ಮಿ ಗರಗಸಕ್ಕೆ ಗೇಣು ದೂರ ಬಂದಿತ್ತು.

“ನಿಲ್ಸಿ!”

“ಎಂತ ಆಯ್ತು ಮಾರಾಯ?” ಮಾಸ್ತಪ್ಪ ಓಡಿಬಂದ.

“ಯಂತ್ರ ಸತ್ತಿದೆ ಸಾವ್ಕಾರ್ರೆ. ಬೆಳಗ್ಗಿಂದ್ಲೂ ಸತ್ತೇ ಇತ್ತು. ನಾನು ಅದಕ್ಕೆ ಒಳ್ಳೇ ಬುದ್ಧಿ ಬಂತು ಅಂದ್ಕಂಡೆ.”

“ಹಂಗಾರೆ ಇನ್ನೊಂದು ಕಿವೀನೂ ಹೋಗ್ತಿತ್ತು!” ಎಂದ ಗುತ್ಯಪ್ಪ.

“ನಿಂದಲ್ಲ ಮಾರಾಯ, ನಂದು.”

ಮಿಲ್ಲು ನಕ್ಕ ನಗೆಗೆ ಹೆಂಚುಗಳು ಜಾಗ ಬದಲಿಸಿದವು. ಹೂವಯ್ಯ ತಲೆಯೆತ್ತದೆ ಯಂತ್ರ ಬಿಚ್ಚಿ ಕೂತ. ತಪ್ಪು ಕಣ್ಣೆದುರೇ ಇತ್ತು. ಸಂದಿಲ್ಲದೆ ಸುತ್ತಿದ ಬೆಳ್ಳಿ ಕಾಗದ ತಾನೇ ಒಂದು ಮುಚ್ಚಿದ ಬಳೆಯಾಗಿ ಸುರುಳಿಯ ಶಕ್ತಿಯನ್ನೆಲ್ಲ ಕುಡಿದಿತ್ತು. ಗುತ್ಯಪ್ಪನ ಕತ್ತಿ ಇಸಕೊಂಡು ಕಾಗದವನ್ನು ಒಂದು ಬೆರಳಗಲ ಸೀಳಿದ, ಅದರಿಂದ ಪೆಟ್ಟಿಗೆಗೊಂದು ತಂತಿ ಕಟ್ಟಿದ, ಗುಂಡಿ ತಿರುಗಿಸಿ ಶ್ರುತಿ ಕೂಡಿಸಿದ. ಕೈ ತಂದ, ಮೌನ. ಬೀಗದ ಕೈ ತಂದ.

‘ಕುಂಯ್!’

ಆಮೇಲೆ ದಿಮ್ಮಿಯ ಬುಡದ ಕಡೆ ಹಿಡಿದಾಗ ಅದು ಕೂಗಿದ ಕೂಗಿಗೆ ತೀರ್ಥಹಳ್ಳಿಯ ನಾಯಿಗಳು ಉತ್ತರ ಕೊಟ್ಟವು. ಗುತ್ಯಪ್ಪ ಉಳಿಯಿಂದ ತೊಗಟೆ ಬಿಡಿಸಿದ. ಒಂದು ಮೊಳೆ, ನಾಲ್ಕು ಮೊಳೆ, ಒತ್ತೊತ್ತಾಗಿ ಇಪ್ಪತ್ತೊಂದು. ಉಳಿ ಅವನ ಕೈಯಿಂದ ಜಾರಿತು.

“ಇದು ದೆವ್ವಗಳ್ನ ಕಟ್ಟಿ ಹಾಕಿದ ಮೊಳೆ ಸಾವ್ಕಾರ್ರೆ! ಮಂತ್ರವಾದಿ ಹೊಡ್ದಿದ್ದು. ಒಂದೊಂದ್ರಲ್ಲಿ ಒಬ್ಬೊಬ್ರು. ಕಿತ್ರೆ ಎದ್ದು ಬರ್ತಾರೆ.”

ಮರದ ಹೊಟ್ಟು ತುಂಬುತ್ತಿದ್ದ ಕೂಲಿಯಾಳು ಹಾಲಮ್ಮ ಗೋಣಿ ಬಿಟ್ಟು ಬಂದು ಬಗ್ಗಿ ನೋಡಿದಳು. “ಅಯ್ಯೋ, ನಮ್ಮೂರ ಗಡೀಲಿದ್ದ ಮತ್ತಿ ಮರ! ನಮ್ಮತ್ತೇನೂ ಇದ್ರಲ್ಲೇ ಇದಾಳೆ. ಯಾರಾದ್ರೂ ಮುಟ್ಟಿದ್ರೋ, ಜೋಕೆ!”

“ಯಾವ ಮೊಳೆ ಹಾಲಮ್ಮ?” ಎಂದ ಮಾಸ್ತಪ್ಪ.

“ಉದ್ದಂದು ಇರ್ಬೇಕು. ಮೊದ್ಲೆರಡು ಅವ್ಳಿಗೆ ಸಾಕಾಗ್ಲಿಲ್ಲ.”

ಮಾಸ್ತಪ್ಪ ಆಸೆಯಿಂದ ಹೂವಯ್ಯನ ಕಡೆ ತಿರುಗಿದ. “ನಿನ್ನ ಯಂತ್ರಕ್ಕೆ ಅವ್ಳು ಯಾವುದ್ರಲ್ಲಿದಾಳೆ ಅಂತ ಗೊತ್ತಾಗ್ತದಾ?”

ಹೂವಯ್ಯ ಅಭ್ಯಾಸಬಲದಿಂದ ಬಾಯಿ ತೆರೆದ. ಮುಚ್ಚಿದ. “ಇಲ್ಲ ಸಾವ್ಕಾರ್ರೆ. ಅದಕ್ಕೆ ಗೊತ್ತಾಗೋದು ಕಬ್ಬಿಣ ಮಾತ್ರ.”

ಮೊಳೆ ಕೀಳದೆ ಆ ಬುಡವನ್ನಷ್ಟೇ ಕೈಗರಗಸದಿಂದ ಕೊಯ್ದು ಪಕ್ಕಕ್ಕೆ ಉರುಳಿಸಿದರು. ಉಳಿದ ದಿಮ್ಮಿಯ ನಾಲ್ಕೂ ಮೈ ಹೂವಯ್ಯ ತಡವಿದ. ಮೊಳಕ್ಕೊಮ್ಮೆ ಬೀಗದ ಕೈ ತೋರಿಸಿ ಯಂತ್ರಕ್ಕೆ ಜೀವವಿದೆಯೇ ಎಂದು ನೋಡಿಕೊಂಡ. ಆಮೇಲೆ ಯಾರೂ ಹೇಳದೆ ಹೋಗಿ ಗರಗಸದ ಪಕ್ಕ ನಿಂತ. ಗುತ್ಯಪ್ಪನೂ ಬಂದು ಎದುರಿಗೆ ನಿಂತ, ಇಡಿಯಾಗಿದ್ದ ಬಲಗಿವಿಯನ್ನೇ ಗರಗಸದ ಕಡೆ ಮಾಡಿ.

ಗರಗಸ ಮತ್ತಿಯೊಳಗೆ ಇಳಿಯಿತು. ಒಂದು ಯುಗ ಕಳೆದ ಮೇಲೆ ಮೊದಲ ಹಲಗೆ ನುಣ್ಣಗೆ ಬಿದ್ದುಕೊಂಡಿತು. ಎಂಜಿನ್ನು ನಿಂತಿತು. ಹೂವಯ್ಯ ಹತ್ತಿರ ಸಿಕ್ಕ ಮರದ ತುಂಡಿನ ಮೇಲೆ ಕುಸಿದು ಕೂತ.

“ಏಳಿ ಹೂವಯ್ಯನೋರೆ, ಅದು ನಮ್ಮತ್ತೆ!”

ಹೂವಯ್ಯ ಅರ್ಧ ಎದ್ದು ಮತ್ತೆ ಅಲ್ಲೇ ಕೂತ.

ಹಾಲಮ್ಮ ಮೊಳೆ ಹೊಡೆದ ಆ ಬುಡದ ಹತ್ತಿರ ಬಂದಳು. ಸೆರಗಿನಿಂದ ಅದರ ಮೇಲಿನ ಹೊಟ್ಟು ಒರೆಸಿದಳು. “ಒಂಚೂರು ಅತ್ಲಾಗೆ ಜರುಗಿ,” ಎಂದು ಪಕ್ಕದಲ್ಲಿ ಕೂತು, ಕಾಲು ನೀಡಿ, ಎಲೆ ಅಡಿಕೆ ಚೀಲದ ದಾರ ಬಿಚ್ಚಿದಳು.